ಬಿರೂಟೆ ಹೂಂ ಅನ್ನೋ ತನಕ

ಅಲ್ಲ ಕಣೇ ಇಶಾ, ಒಂದು ದೇಶ ಕೂಟಕ್ಕೆ ಸೇರ್ತೀನಿ ಅಂದ ತಕ್ಷಣ ಸೇರಿದ ಹಾಗಾಗಲ್ಲ, ಒಳಗಿರೋರೆಲ್ಲ ಹೂಂ ಅನ್ಬೇಕು, ಒಬ್ರು ಊಹೂಂ ಅಂದ್ರೂ ಬಾಗಿಲಾಚೆನೇ ನಿಂತಿರ್ಬೇಕು, ನಿನ್ನ ಸ್ಕೂಲ್ ಪ್ರಾಜೆಕ್ಟ್‌ನಲ್ಲಿ ಅದನ್ನ ಮೊದಲು ಬರಿ. ಪುಟ್ಟ ದೇಶ, ದೊಡ್ಡ ದೊಡ್ಡ ದೇಶಗಳ ಕೂಟ, ಒಬ್ರ ಮೇಲೆ ಬಿದ್ರೆ ಎಲ್ಲರ ಮೇಲೂ ಬಿದ್ದ ಹಾಗೆ ಅಂತ ಒಪ್ಪಂದ, ಅಷ್ಟೇ ತಾನೆ? ನಂಗೊತ್ತು. ಏನು ನಗ್ತೀಯಾ? ಅಜ್ಜಿಗೇನು ಗೊತ್ತು ಅಂತಾನಾ? ಆ ದಿಂಬು ಕೊಡು ಇಲ್ಲಿ. ನಿಮ್ಮಪ್ಪ ತಂದ ಈ ಡೆಕ್ ಕುರ್ಚಿ ನೋಡೋಕೆ ಚೆಂದ, ಕೂತ್ರೆ ಸೊಂಟ ಹಿಡ್ಯತ್ತೆ. ಕುರ್ಚಿ ಅಂದೆ ನೋಡು, ಎಲ್ಲ ಶುರುವಾಗಿದ್ದೇ ಒಂದು ಕುರ್ಚಿಯಿಂದ.

ನಾವು ಮೊದಲು ಇದ್ದಿದ್ದು ಡೆಟ್ರಾಯಿಟ್ ಕಡೆ. ತಾತ ಕಾರಿನ ಪಾರ್ಟ್ಸ್ ಕಂಪನಿಯಲ್ಲಿದ್ರು, ಒಂದಿನ ಬ್ಯಾಡ್ಜ್ ಇಸ್ಕೊಂಡು ಮನೆಗೆ ಕಳಿಸಿದ್ರು. ಅಲೆದು ಅಲೆದು ಶಿಕಾಗೋ ಆಚೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ತು. ನಮ್ಮ ವೀಸಾ ಪೂರ್ತಿ ಆ ಕೆಲಸದ ಮೇಲೇ ನಿಂತಿತ್ತು, ಗೊತ್ತಾ? ಅದೂ ಹೋದ್ರೆ ನಿಮ್ಮಮ್ಮನ ಹೈಸ್ಕೂಲ್ ಅರ್ಧಕ್ಕೇ ಬಿಡಿಸಿ ಗಂಟುಮೂಟೆ ಕಟ್ಬೇಕಿತ್ತು. ಶಿಕಾಗೋದಲ್ಲೇ ಡೆವನ್ ಅವೆನ್ಯೂ ಹಿಂದಿನ ಬೀದಿಯಲ್ಲಿ ಎರಡನೇ ಮಹಡಿ ಮನೆ. ಕೆಳಗೆ ಗರಾಜು ಇಲ್ಲ ಏನಿಲ್ಲ, ಕಾರು ರಸ್ತೆ ಮೇಲೇ. ಹಿಮ ಅಂದ್ರೆ ಹಿಮ, ಈಗ ಬೀಳತ್ತಲ್ಲ ಇದೆಲ್ಲ ಸಕ್ಕರೆ ಉದುರಿಸಿದ ಹಾಗೆ. ಮೊದಲನೇ ಹಿಮ ಬಿದ್ದ ಮಾರನೇ ದಿನ ತಾತ ಖುಷಿಯಾಗಿ ಮೆಟ್ಟಿಲು ಹತ್ಕೊಂಡು ಬಂದ್ರು, ಕೈಯಲ್ಲಿ ಒಂದು ಮರದ ಕುರ್ಚಿ. 'ನೋಡೇ ವಿಮಲಾ, ದೇವರು ದೊಡ್ಡವನು, ರಸ್ತೆಯಲ್ಲಿ ಒಂದು ಕಡೆ ಪೂರ್ತಿ ಹಿಮ ಬಳಿದಿಟ್ಟಿದ್ದಾರೆ, ಕಾರು ನಿಲ್ಸೋಕೆ ಹೇಳಿ ಮಾಡಿಸಿದ ಜಾಗ, ಮಧ್ಯದಲ್ಲಿ ಯಾರೋ ಈ ಕುರ್ಚಿ ಬಿಸಾಕಿದ್ರು, ಕಾರು ಅಲ್ಲಿ ನಿಲ್ಸಿ ಇದನ್ನ ತಂದ್ಬಿಟ್ಟೆ' ಅಂತ. ಡೆಟ್ರಾಯಿಟ್‌ನಲ್ಲಿ ನಮ್ಮ ಸೋಫಾ, ಟೇಬಲ್ಲು, ನಿಮ್ಮಮ್ಮನ ಮಂಚ ಎಲ್ಲ ಹಾಗೆ ರಸ್ತೆ ಬದಿಯಿಂದ ಬಂದಿದ್ದೇ ಕಣೇ, ನಮ್ಮೋರೆಲ್ಲ ಹಾಗೇ ಸಂಸಾರ ಹೂಡಿದ್ದು. ನಾನೂ ಒರೆಸಿ, ದಿಂಬು ಹಾಕಿ, ಹಾಲ್‌ನಲ್ಲಿ ಇಟ್ಟೆ.

'ಓ ಮೈ ಗಾಡ್ ಅಜ್ಜಿ, ದಟ್ ವಾಸ್ ಸಮ್‌ಬಡೀಸ್ ಡಿಬ್ಸ್!'

ಹೂಂ, ನಿಂಗೆ ಇಲ್ಲೇ ಹುಟ್ಟಿದ್ದಕ್ಕೆ ಗೊತ್ತು. ಡಿಬ್ಸ್ ಅಂದ್ರೆ ಹಿಮ ಎತ್ತಿದೋರು ಕುರ್ಚಿ ಇಟ್ರೆ ಆ ಜಾಗ ಅವರದು, ಮುಟ್ಟೋ ಹಾಗಿಲ್ಲ ಅನ್ನೋದು ಶಿಕಾಗೋ ಶಾಸ್ತ್ರ ಅಂತ ನಮಗೆ ಯಾರು ಹೇಳಿದ್ರು? ಸಾಯಂಕಾಲ ಬಾಗಿಲು ದಬದಬ ಬಡಿದ್ರು. ತೆಗೆದ್ರೆ ಕೆಳಗಿನ ಮನೆ ಮುದುಕಿ, ಬಿರೂಟೆ ಅಂತ, ಲಿಥುವೇನಿಯಾ ಅನ್ನೋ ಪುಟ್ಟ ದೇಶದವಳು, ಮುಖ ಕೆಂಪಗೆ ಬೀಟ್‌ರೂಟ್ ಆಗಿದೆ. ನಾನು ಪಾಪ, ಮೊದಲನೇ ಸಲ ಮನೆಗೆ ಬಂದಿದ್ದಾರೆ ಅಂತ 'ಬನ್ನಿ, ಕಮ್, ಸಿಟ್, ಸಿಟ್' ಅಂತ ಅದೇ ಕುರ್ಚಿ ಎಳೆದು ಕೊಟ್ಟೆ! ಅವಳ ಕುರ್ಚಿ, ಅವಳಿಗೇ! ಆಯಮ್ಮ ಕೂರ್ತಾಳಾ? ದಿಂಬು ಕಿತ್ತು ನೆಲಕ್ಕೆ ಎಸೆದು ಕುರ್ಚಿ ಎತ್ಕೊಂಡು ಹೋದ್ಲು. ಬೆಳಿಗ್ಗೆ ನೋಡಿದ್ರೆ ಕಾರಿನ ಮೇಲೆ ಯಾರೋ ನೀರು ಸುರಿದಿದ್ದಾರೆ, ಕಾರು ಮಂಜುಗಡ್ಡೆ ಒಳಗೆ ಕೂತಿದೆ. ತಾತ ಕೆಲಸಕ್ಕೆ ಹೋಗೋಕಾಗ್ಲಿಲ್ಲ. ಅವರ ಸೂಪರ್‌ವೈಸರ್ ಫೋನ್‌ನಲ್ಲೇ ಹೇಳಿದ, ಇನ್ನೊಂದು ಸಲ ಹೀಗಾದ್ರೆ ಬರ್ಲೇಬೇಡಿ ಅಂತ.

ಆ ಬೀದಿಯವರದ್ದು ಒಂದು ಕೂಟ ಇತ್ತು. ಬಸ್ ಓಡಿಸ್ತಿದ್ದ ಹೆಕ್ಟರ್ ಅದರ ಯಜಮಾನ. ಒಬ್ರ ಕುರ್ಚಿ ಮುಟ್ಟಿದ್ರೆ ಎಲ್ರೂ ಆಚೆ ಬರೋದು, ಒಬ್ರಿಗೆ ಕಾಯಿಲೆ ಆದ್ರೆ ಉಳಿದೋರು ಅವರ ಹಿಮ ಎತ್ತೋದು. ನಾನು ಹೋಗಿ ಕೇಳ್ದೆ, ನಮ್ಮನ್ನೂ ಸೇರಿಸ್ಕೊಳ್ಳಿ ಅಂತ. ಹೆಕ್ಟರ್ ಒಳ್ಳೆಯವನು, ತಲೆ ಕೆರ್ಕೊಂಡು ಹೇಳ್ದ, 'ನಂದೇನೂ ಇಲ್ಲ ವಿಮಲಾ, ಆದ್ರೆ ಎಲ್ರೂ ಒಪ್ಬೇಕು. ಬಿರೂಟೆ ಒಪ್ಪಲ್ಲ.' ಒಪ್ಪಲೇ ಇಲ್ಲ ಕಣೇ. ಆ ಚಳಿಗಾಲ ಪೂರ್ತಿ. ತಾತನಿಗೆ ಆಗ್ಲೇ ಬೆನ್ನು ಹಿಡ್ಕೊಂಡಿತ್ತು, ಬಗ್ಗೋ ಹಾಗಿಲ್ಲ. ನಾನೇ ಸೀರೆ ಮೇಲೆ ಅವರ ಜಾಕೆಟ್ ಹಾಕ್ಕೊಂಡು ಬೆಳಬೆಳಿಗ್ಗೆ ಎತ್ತಿದ್ದೇ ಎತ್ತಿದ್ದು. ಎತ್ತಿ ಬಕೆಟ್ ಇಟ್ಟು ಬಂದ್ರೆ ಪಕ್ಕದ ಬೀದಿಯೋರು ಯಾರಾದ್ರೂ ಬಕೆಟ್ ಒದ್ದು ಕಾರು ನಿಲ್ಲಿಸಿ ಹೋಗೋರು. ನಾವು ಕೂಟದಲ್ಲಿ ಇಲ್ವಲ್ಲ, ಕೇಳೋರು ಯಾರು? ಮತ್ತೆ ಇನ್ನೊಂದು ಕಡೆ ಎತ್ತು. ಬಿರೂಟೆ ಕಿಟಕಿ ಅಲ್ಲೇ. ನಾನು ಸಲಿಕೆ ತಗೊಂಡ್ರೆ ಸಾಕು, ಸರ್ ಅಂತ ಪರದೆ ಎಳ್ಕೊಳ್ಳೋಳು. ಒಂದೊಂದು ಸಲ ಹಿಮದ ರಾಶಿ ಮೇಲೇ ಕೂತು ಅತ್ತುಬಿಟ್ಟಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಸಾಕಾಗಿತ್ತು, ಈಗ ನೆನೆಸ್ಕೊಂಡ್ರೂ ಸುಸ್ತಾಗತ್ತೆ. ನೀರು ಕೊಡು ಸ್ವಲ್ಪ.

ಎಲ್ಲಿದ್ದೆ? ಹಾಂ. ಚಳಿಗಾಲ ಮುಗಿಯೋ ಹೊತ್ತಿಗೆ ಬಿರೂಟೆ ಕಿಟಕಿಯಲ್ಲಿ ಹಳದಿ, ಹಸಿರು, ಕೆಂಪು ಬಾವುಟ ಬಂತು. ಅವಳ ದೇಶಾನ ನಿನ್ನ ಪ್ರಾಜೆಕ್ಟಿನ ಆ ದೊಡ್ಡ ಕೂಟಕ್ಕೆ ಸೇರಿಸ್ಕೊಂಡ್ರಂತೆ. ಬೀದಿಯೋರನ್ನೆಲ್ಲ ಊಟಕ್ಕೆ ಕರೆದ್ಲು, ನಮ್ಮನ್ನ ಬಿಟ್ಟು. ತಾತ ಬೇಡ ಅಂದ್ರು, 'ಕರೀದೆ ಹೋಗೋಕೆ ಮಾನ ಇಲ್ವೇನೇ' ಅಂದ್ರು. ಕೆಳಗಿನ ಮನೆಯಲ್ಲಿ ಶುಭ ಸಮಾಚಾರ ಅಂದಾಗ ಕೈ ಕಟ್ಕೊಂಡು ಮನೇಲಿ ಕೂರೋದು ನಂಗೆ ಬರಲ್ಲ ಅಂದೆ. ಕೇಸರಿಬಾತ್ ಮಾಡ್ಕೊಂಡು ಇಳಿದು ಹೋದೆ. ಆಯಮ್ಮ ತಟ್ಟೆ ತಗೊಂಡ್ಲು, ಕೂರು ಅನ್ಲಿಲ್ಲ. ಸುಮ್ನೆ ನಿಂತಿರೋಕಾಗದೆ, ಏನಾದ್ರೂ ಮಾತಾಡ್ಬೇಕಲ್ಲ ಅಂತ ಕೇಳ್ಬಿಟ್ಟೆ. ಚುಚ್ಚೋಕಲ್ಲ ಕಣೇ, ನಿಜವಾಗ್ಲೂ ಗೊತ್ತಿಲ್ದೇನೇ ಕೇಳಿದ್ದು. 'ಅಷ್ಟು ದೊಡ್ಡ ದೊಡ್ಡ ದೇಶ ಇದಾವಲ್ಲ, ನಿಮ್ಮದು ಇಷ್ಟು ಪುಟ್ಟದು, ಅವರಿಗೆ ನೀವೇನು ಕೊಡ್ತೀರಾ?'

ಹೆಕ್ಟರ್ ಕೆಮ್ಮಿದ. ಬಿರೂಟೆ ತಟ್ಟೆ ಕೆಳಗಿಟ್ಲು. ಅವಳ ಇಂಗ್ಲಿಷೂ ನನ್ನದರ ಹಾಗೇ ಮುರುಕು. 'ನಾನು ಚಿಕ್ಕೋಳು,' ಅಂದ್ಲು. 'ಪಕ್ಕದ ದೊಡ್ಡ ದೇಶದ ಸೈನಿಕರು ಬಂದು ನಮ್ಮಪ್ಪನ್ನ ಕರ್ಕೊಂಡು ಹೋದ್ರು. ಬೀದಿಯಲ್ಲೇ ಎಳ್ಕೊಂಡು ಹೋದ್ರು. ಪಕ್ಕದ ಮನೆಯೋರು ನೋಡಿದ್ರು, ಪರದೆ ಎಳ್ಕೊಂಡ್ರು. ನಾವೇನು ಕೊಡ್ತೀವಿ? ನಾವು ಯಾವತ್ತೂ ಪರದೆ ಎಳ್ಕೊಳ್ಳ...' ಅಂದೋಳು ಅಲ್ಲಿಗೇ ನಿಲ್ಲಿಸಿದ್ಲು. ಕಿಟಕಿ ಕಡೆ ನೋಡಿದ್ಲು. ನನ್ನ ನೋಡಿದ್ಲು. ಈಗ ಬೈತಾಳೆ ಅಂದ್ಕೊಂಡೆ. ಆಯಮ್ಮ ಒಳಗೆ ಹೋಗಿ ಅದೇ ಕುರ್ಚಿ ಎಳ್ಕೊಂಡು ಬಂದು ನನ್ನ ಮುಂದೆ ಇಟ್ಲು. 'ಸಿಟ್' ಅಂದ್ಲು. ಹೆಕ್ಟರ್ ಮೆಲ್ಲಗೆ ಕೇಳ್ದ, 'ಬಿರೂಟೆ, ಹಾಗಾದ್ರೆ ನೀನು ಒಪ್ಪಿದ ಹಾಗಾ?' 'ಕೂರು ಅಂದೆನಲ್ಲ, ಇನ್ನೇನು ಬೇಕು ನಿಂಗೆ?' ಅಂತ ಅವನ ಮೇಲೇ ರೇಗಿದ್ಲು.

'ಸೋ ಯು ವರ್ ಸೇಫ್! ಹ್ಯಾಪಿ ಎಂಡಿಂಗ್!'

ಏನು ಹ್ಯಾಪಿ? ಕೇಳು ಇಲ್ಲಿ. ಏಪ್ರಿಲ್‌ನಲ್ಲಿ ಇನ್ನೊಂದು ಹಿಮ ಬಿತ್ತು, ಹೂವು ಬಿಡೋ ಹೊತ್ತಲ್ಲಿ, ದರಿದ್ರ. ಅವತ್ತು ನಮ್ಮ ಕಾರು ಹೊರಟಿತ್ತು, ಹೆಕ್ಟರ್ ಬಂದು ಎತ್ತಿಕೊಟ್ಟಿದ್ದ, ತಾತ ಕೆಲಸಕ್ಕೆ ಹೋಗಿದ್ರು. ಅಬ್ಬಾ ಅಂತ ಕಾಫಿ ಲೋಟ ಹಿಡಿದು ಕೂತಿದ್ದೀನಿ, ಕೆಳಗೆ ಗಲಾಟೆ. ಯಾರೋ ದೊಡ್ಡ ಪಿಕಪ್ ಟ್ರಕ್‌ನೋನು, ಎತ್ತರದ ಆಸಾಮಿ, ಬಿರೂಟೆ ಕುರ್ಚಿ ಎತ್ತಿ ಫುಟ್‌ಪಾತಿಗೆ ಎಸೀತಿದ್ದಾನೆ. ಆಯಮ್ಮ ಕೆಮ್ಮಿಕೊಂಡು ಚಪ್ಪಲಿಯಲ್ಲೇ ಹಿಮದಲ್ಲಿ ನಿಂತಿದ್ದಾಳೆ. ಹೆಕ್ಟರ್ ಬಸ್ಸಿಗೆ ಹೋಗಾಗಿದೆ. ನಿಜ ಹೇಳ್ತೀನಿ, ಕೂಟ ಸೇರಿದ್ರೆ ನನ್ನ ಕಾಪಾಡೋಕೆ ಅವರೆಲ್ಲ ಬರ್ತಾರೆ ಅಂತಷ್ಟೇ ಲೆಕ್ಕ ಹಾಕಿದ್ದೆ, ನಾನು ಹೋಗ್ಬೇಕಾಗತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ. ಬೂಟು ಸಿಗ್ತಿಲ್ಲ ಅಂತ ಅಲ್ಲೇ ಕೂತ್ಬಿಡೋಣ ಅನ್ನಿಸ್ತು, ನಿಜವಾಗ್ಲೂ ಸಿಗ್ತಿರ್ಲಿಲ್ಲ. ಪರದೆ ಅಂತೂ ಕೈಗೆಟುಕೋ ಹಾಗಿತ್ತು. ಅದನ್ನ ನೋಡಿದೆ. ಆಮೇಲೆ ತಾತನ ಹಳೇ ಬೂಟು ತುರುಕ್ಕೊಂಡು, ನೈಟಿ ಮೇಲೆ ಜಾಕೆಟ್ಟು, ಧಡಧಡ ಇಳಿದು ಹೋಗಿ ಅವನ ಟ್ರಕ್ ಮುಂದೆ ನಿಂತೆ. ಇಂಗ್ಲಿಷ್ ಒಂದಕ್ಷರ ಬರ್ಲಿಲ್ಲ ಬಾಯಿಗೆ. 'ಅದು ನಮ್ಮ ಕುರ್ಚಿ, ಎತ್ತಿ ಇಡೋ' ಅಂತ ಕನ್ನಡದಲ್ಲೇ ಕಿರುಚಿದೆ. ಎದುರು ಮನೆ ಬಾಗಿಲು ತೆಗೀತು, ಅದರ ಪಕ್ಕದ್ದೂ ತೆಗೀತು, ಒಬ್ಬೊಬ್ರೇ ಬಂದು ಪಕ್ಕದಲ್ಲಿ ನಿಂತ್ರು. ಅವನು ಏನೋ ಬೈಕೊಂಡು ಹೋದ. ಕುರ್ಚಿ ಕಾಲು ಮುರಿದಿತ್ತು, ಇಬ್ರೂ ಹಿಡ್ಕೊಂಡು ಒಳಗೆ ತಂದ್ವಿ. ಆಯಮ್ಮ ಥ್ಯಾಂಕ್ಸೂ ಹೇಳ್ಲಿಲ್ಲ, ಟೀ ಕೊಟ್ಲು.

ಅದಕ್ಕೇ ಹೇಳೋದು, ಬರ್ಕೊ ನಿನ್ನ ಪ್ರಾಜೆಕ್ಟ್‌ನಲ್ಲಿ. ಸೇರೋದು ನಿನ್ನ ಮನೆಗೆ ನಾಲ್ಕು ಜನ ಬರ್ಲಿ ಅಂತಷ್ಟೇ ಅಲ್ಲ ಮರಿ. ಅವರು ಕೂಗಿದಾಗ ನೀನು ಬೂಟು ಹುಡುಕ್ತಾ ಕೂರ್ಬಾರ್ದು.