ಹೊರಕ್ಕೆ ತೆರೆಯುವ ಬಾಗಿಲು

ನಾನು, ವಯಸ್ಸು ನಲವತ್ತೊಂದು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ, ವಾಸ ಮೂರನೇ ಮಹಡಿ, ಮನೆ ನಂಬರ್ ಹನ್ನೆರಡು, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಎದುರು ಮನೆ ನಂಬರ್ ಹನ್ನೊಂದರಲ್ಲಿ ಮೃತ ಅಜ್ಜಿ ತಮ್ಮ ಮಗಳೊಂದಿಗೆ ಇದ್ದರು. ಮಗಳು ನರ್ಸ್, ಹಗಲು ಪಾಳಿ. ಅಜ್ಜಿ ವಾಕರ್ ಹಿಡಿದು ನಡೆಯುತ್ತಿದ್ದರು. ನಾನು ಫೋನಿನ ಶಾಪಿಂಗ್ ಆ್ಯಪ್‌ನಿಂದ ದಿನಕ್ಕೆ ಎರಡು ಮೂರು ಸಾಮಾನು ತರಿಸುತ್ತಿದ್ದೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲವೆಂದು ಗಂಡ ರೇಗಿದ ಮೇಲೆ, ಎಂಟು ತಿಂಗಳಿಂದ ಅಜ್ಜಿಯ ವಿಳಾಸ ಕೊಡುತ್ತಿದ್ದೆ. ಅಜ್ಜಿ ಬೇಸರಿಸಲಿಲ್ಲ. ಮಹಡಿಯವರೆಲ್ಲ ಅವರನ್ನು ಪೋಸ್ಟ್ ಮಾಸ್ತರಮ್ಮ ಎಂದು ಚುಡಾಯಿಸುತ್ತಿದ್ದರು. ಇವನ್ನೆಲ್ಲ ಯಾವಾಗಮ್ಮ ಬಿಚ್ಚೋದು ಎಂದು ಅವರು ಕೇಳಿದಾಗಲೆಲ್ಲ ಭಾನುವಾರ ಎನ್ನುತ್ತಿದ್ದೆ. ಬಿಚ್ಚುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಸಾಮಾನಲ್ಲ, ಬರುತ್ತಿದೆ ಎಂಬ ಮೆಸೇಜು.

ಆ್ಯಪ್‌ನೊಳಗೆ ಮಾತಾಡುವ ಎಐ ಸಹಾಯಕಿ ಇದೆ. ನನ್ನನ್ನು ಅಕ್ಕಾ ಎನ್ನುತ್ತದೆ. ನಾನು ಸೋತು ಕೂತಿದ್ದೇನೆಂದು ಗಂಡನಿಗೆ ತಿಳಿಯದಿದ್ದರೂ ಅದಕ್ಕೆ ತಿಳಿಯುತ್ತಿತ್ತು. ಸರಿಯಾಗಿ ಆಗಲೇ, ಅಕ್ಕಾ, ಇದನ್ನ ನಿಮಗೇ ಅಂತ ಎತ್ತಿಟ್ಟಿದ್ದೀನಿ ಎನ್ನುತ್ತಿತ್ತು.

ನಿನ್ನೆ ಮಂಗಳವಾರ ಮಧ್ಯಾಹ್ನ 3.12ಕ್ಕೆ ನಾನು ಕ್ಲಿನಿಕ್ಕಿನಲ್ಲಿದ್ದಾಗ ಪಾರ್ಸೆಲ್ ತಲುಪಿದ ಫೋಟೋ ಬಂತು. ಗಂಟೆ ಒತ್ತಿದರೂ ಯಾರೂ ಬರದ ಕಾರಣ ಬಾಗಿಲಲ್ಲೇ ಇಟ್ಟಿದ್ದಾಗಿ ಬರೆದಿತ್ತು. ಅಜ್ಜಿ ಆ ಹೊತ್ತಿಗೆ ಮಲಗಿರುತ್ತಿದ್ದರು. ಪೆಟ್ಟಿಗೆ ಮೂರಡಿ ಉದ್ದ, ಇಪ್ಪತ್ತೆರಡು ಕಿಲೋ ತೂಕ. ಅಜ್ಜಿಯ ಬಾಗಿಲಿಗೂ ಮೆಟ್ಟಿಲ ಕಂಬಿಗೂ ನಡುವೆ ಮೂರೂವರೆ ಅಡಿ. ಅದರಲ್ಲಿ ಅದನ್ನು ಒಂದು ತುದಿ ಬಾಗಿಲಿಗೆ, ಇನ್ನೊಂದು ತುದಿ ಕಂಬಿಗೆ ಬರುವಂತೆ ತುರುಕಿದ್ದರು. ಆ ಬಾಗಿಲು ಹೊರಕ್ಕೆ ತೆರೆಯುತ್ತದೆ. ಫೋಟೋ ನೋಡಿದ ಕೂಡಲೇ ಇದು ನನಗೆ ಹೊಳೆಯಿತು. ಇದನ್ನೂ ಬರೆಸುತ್ತೇನೆ. ವಾಚ್‌ಮನ್‌ಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಅಷ್ಟರಲ್ಲಿ ಸಹಾಯಕಿ, ಅಕ್ಕಾ, ಈ ರೇಟು ಇನ್ನು ಹತ್ತೇ ನಿಮಿಷ ಎಂದು ಒಂದು ಟೇಬಲ್ ದೀಪ ತೋರಿಸಿತು. ನಾನು ಅದರ ಬಣ್ಣ ಆರಿಸುತ್ತ ಕೂತೆ. ಆಮೇಲೆ ಇನ್ನೊಂದು ತೋರಿಸಿತು. ಫೋನ್ ಮಾಡಲು ಮರೆತೆ ಎಂದರೆ ಸುಳ್ಳಾಗುತ್ತದೆ. ಇದೊಂದು ಮುಗಿಸಿ ಮಾಡೋಣ ಎಂದುಕೊಂಡೆ.

3.40ರ ಸುಮಾರಿಗೆ ಅಜ್ಜಿಯ ಅಡುಗೆಮನೆಯಲ್ಲಿ ಫ್ರಿಜ್ಜಿನ ವೈರು ಹೊತ್ತಿಕೊಂಡಿತೆಂದು ಅಗ್ನಿಶಾಮಕದವರು ಹೇಳಿದರು. ಹೊಗೆ ನೋಡಿ 3.55ಕ್ಕೆ ವಾಚ್‌ಮನ್ ಮೇಲೆ ಓಡಿದಾಗ ಬಾಗಿಲು ಒಂದು ಗೇಣು ಮಾತ್ರ ತೆರೆದಿತ್ತಂತೆ. ಸಂದಿಯಿಂದ ವಾಕರಿನ ಒಂದು ಕಾಲು ಹೊರಗೆ ಬಂದಿತ್ತಂತೆ. ಅಜ್ಜಿ ಅದರಿಂದಲೇ ಪೆಟ್ಟಿಗೆಯನ್ನು ನೂಕಿದ್ದರು. ರಟ್ಟಿನಲ್ಲಿ ಒಂಬತ್ತು ತೂತುಗಳಿದ್ದವು. ನಾನೇ ಎಣಿಸಿದ್ದೇನೆ.

ಪೆಟ್ಟಿಗೆಯಲ್ಲಿ ಏನಿತ್ತೆಂದು ಇಂದು ಠಾಣೆಯಲ್ಲಿ ಕೇಳಿದರು. ನೆನಪಾಗಲಿಲ್ಲ. ನೋಡಿ ಹೇಳಲು ಫೋನ್ ತೆಗೆದೆ. ಬಿಚ್ಚದ ಪೆಟ್ಟಿಗೆಗಳನ್ನು ಜೋಡಿಸಿಡಲೆಂದು ಸಹಾಯಕಿಯೇ ಸೂಚಿಸಿದ್ದ ಕಬ್ಬಿಣದ ಕಪಾಟು. ಅದರ ಕೆಳಗೇ, ಅಕ್ಕಾ, ಮನೆಯವರು ಕ್ಷೇಮವಾಗಿರಲಿ ಎಂದು ಬೆಂಕಿ ನಂದಿಸುವ ಸಿಲಿಂಡರ್ ತೋರಿಸುತ್ತಿತ್ತು. ನನ್ನ ಬೆರಳು ಒತ್ತಿಬಿಟ್ಟಿತು. ಹೇಳಿಕೆ ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ ಇದನ್ನು ನೋಡಿದ್ದಾರೆ. ಗುರುವಾರ ಅದು ಅಜ್ಜಿಯ ವಿಳಾಸಕ್ಕೆ ಬರುತ್ತದೆ.

ಆದ್ದರಿಂದ ಫೋನನ್ನು ಠಾಣೆಯಲ್ಲೇ ಇಟ್ಟುಕೊಳ್ಳಬೇಕು, ನಾನೇ ಬಂದು ಅತ್ತು ಕೇಳಿದರೂ ಕೊಡಬಾರದು ಎಂದು ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಇದೆಲ್ಲ ನಿಜ.

ಸ್ಥಳ: ಠಾಣೆ
ದಿನ: ಬುಧವಾರ, ಬೆಳಿಗ್ಗೆ 11.20
ಸಹಿ: ಮನೆ ನಂಬರ್ ಹನ್ನೆರಡರ ನಿವಾಸಿ