ಸಿನಿಮಾ ತಂದಾಕಿ

ಒಂದಾನೊಂದು ಊರಿನಲ್ಲಿ ಒಬ್ಬ ರಾಣಿಯಿದ್ದಳು. ಅವಳ ಅರಮನೆ ಒಂದು ಸಿನಿಮಾ ಟೆಂಟು. ಅಜ್ಜಿಯ ಕಥೆ ಕೇಳಿ ಬೆಳೆದ ಅಂಕಿತಾಳಿಗೆ ಈ ಕಥೆ ಸಿಕ್ಕಿದ್ದು ಮಾತ್ರ ಶಿರಹಟ್ಟಿ ಬಸ್ ನಿಲ್ದಾಣದಲ್ಲಿ, ಬಸ್ಸಿಗೆ ಕಾಯುತ್ತ ಕುಳಿತಿದ್ದಾಗ. ಎದುರಿನ ಗೋಡೆಯ ಮೇಲೆ ಪೇಂಟರ್ ನಂದೀಶ ಊರಿನ ಚರಿತ್ರೆ ಬರೆಯುತ್ತಿದ್ದ. 'ಊರಿಗೆ ಸಿನಿಮಾ ತಂದವರು ಮುದಕಪ್ಪನವರು' ಎಂದು ಬರೆದು ಮುಗಿಸುವಷ್ಟರಲ್ಲಿ ಮುದುಕಿಯೊಬ್ಬಳು ಅವನ ಬೆನ್ನ ಹಿಂದೆ ಬಂದು ನಿಂತಳು.

"ನಮ್ಮಪ್ಪನ ಹೆಸರಿನ ಮಗ್ಗಲಕ ನಮ್ಮವ್ವನ ಹೆಸರೂ ಬರಿ, ತಮ್ಮಾ. ನೀಲಗಂಗವ್ವ."

"ಆಯಿ, ಊರ ಕಮಿಟಿಯವರು ಹೇಳಿದಷ್ಟ ಬರಿಯೂದು ನನ್ನ ಕೆಲಸ."

"ಸಿನಿಮಾ ತೋರ್ಸೂ ಮಷೀನ ತಂದಾಂವ ನಮ್ಮಪ್ಪ, ಖರೆ. ಮಂದಿನ್ನ ತಂದಾಕಿ ಯಾರು? ಮದಲ ಖಾಲಿ ಟೆಂಟಿನ್ಯಾಗ ಮಷೀನ ಒಂದ ಗುರ್ ಅಂತಿತ್ತು."

"ನಿಮ್ಮವ್ವಾರು ಏನ ಮಾಡಿದ್ರು?"

"ಹೆಣ್ಣಮಕ್ಕಳು ರೊಟ್ಟಿ ಬಡದು, ಮನಿಮಂದಿಗೆ ಉಣ್ಣಾಕ ನೀಡಿ ಬರೂತನಕ ಆಟ ಸುರು ಮಾಡಗೊಡಲಿಲ್ಲ. ಅವರಿಗಂತನ ಬ್ಯಾರೆ ಬಾಗಲಾ ಇಡಿಸಿದ್ಲು. ಟೆಂಟು ತುಂಬಿ ತುಳಕ್ಯಾಡ್ತು. ಗೌಡ್ರು ಬಂದು, 'ಹೆಂಗಸರನ್ನ ಕೆಡಸಾಕತ್ತಿ, ಟೆಂಟು ಕೀಳಸ್ತೀನಿ' ಅಂದ್ರು."

"ಅಂಜಿದ್ರೇನು?"

"ಅಂಜತಾಳ? 'ಮದಲ ಒಳಗ ಕುಂತ ನಿಮ್ಮ ಮನಿಯವರನ್ನ ಕರಕೊಂಡ ಹೋಗ್ರಿ, ಆಮ್ಯಾಲೆ ಕೀಳಸ್ರಿ' ಅಂದ್ಲು."

ನಂದೀಶ ನಕ್ಕುಬಿಟ್ಟ. "ಬರದರ ಕಮಿಟಿಯವರು ಬೈತಾರಲ್ಲ, ಆಯಿ?"

"ನನ್ನ ಕಡೆ ಕಳಸು. ಹೆಸರು ಬರಸ್ತೀನಿ ಅಂತ ಅವ್ವ ಸಾಯೂಮುಂದ ಮಾತು ಕೊಟ್ಟೀನಿ. ಬರಿಯೂತನಕ ಇಲ್ಲಿಂದ ಕದಲಾಕಿ ಅಲ್ಲ ನಾ."

ಅವನು ನೀಲಿ ಬಣ್ಣದಲ್ಲಿ ಕುಂಚ ಅದ್ದಿದ.

"ಅಪ್ಪನಷ್ಟ ದಪ್ಪ ಇರಲಿ ಮತ್ತ!"

ಹೆಸರು ಮುಗಿಯಿತು. ಮುದುಕಿ ಕೈ ಚಾಚಿದಳು.

"ಮುಟ್ಟಬ್ಯಾಡ್ರಿ, ಹಸಿ ಐತಿ. ಕೈಗೆ ಹತ್ತತೈತಿ."

"ಹತ್ತಲಿ ಬಿಡು."

ಬೆರಳ ತುದಿಗೆ ಹತ್ತಿದ ನೀಲಿಯನ್ನು ಒರೆಸಿಕೊಳ್ಳದೆಯೇ ಆಕೆ ಮುಂಡರಗಿಯ ಬಸ್ಸು ಹತ್ತಿದಳು.