ಅರಿಶಿಣದ ಕೈಗೆ ಹೆದರಿದ ಸೀರೆ

ಇವತ್ತಿನ ಪ್ರವಚನದಲ್ಲಿ ಎಣ್ಣೆ ಮಿಲ್ಲಿನ ಸಾಹುಕಾರನೊಬ್ಬನ ಮಾತು ಹೇಳುತ್ತೇನೆ, ಕೇಳಿ. ಅವನು ಹೆಂಡತಿ ನೀಲಗಂಗವ್ವನಿಗೆ ಒಂದು ರೇಷ್ಮೆ ಸೀರೆ ತಂದ. ಬೆಲೆ ಎಷ್ಟು? ನಾನು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಲೆಕ್ಕ ಹಾಕುತ್ತ ಕೂಡುತ್ತೀರಿ. ಆದರೆ ಸಾಹುಕಾರ ಮಾತ್ರ ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.

ನೀಲಗಂಗವ್ವನಿಗೆ ಚಂದ್ರವ್ವ ಎಂಬ ತಂಗಿ. ತಾಯಿ ಸತ್ತ ಮೇಲೆ ಆ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ. ಈಗ ಆ ತಂಗಿಯ ಮಗಳ ಮದುವೆ. ಅಕ್ಕ ಹೊಸ ಸೀರೆ ಉಟ್ಟು ಕಾರಿನಿಂದ ಇಳಿದಳು. ಒಳಗೆ ಅರಿಶಿಣ ಹಚ್ಚುವ ಶಾಸ್ತ್ರ ನಡೆದಿತ್ತು. ಚಂದ್ರವ್ವ ಇದ್ದಂತೆಯೇ ಓಡಿ ಬಂದಳು, ಅರಿಶಿಣ ಮೆತ್ತಿದ ಎರಡೂ ಕೈ ಚಾಚಿ.

“ಅಕ್ಕಾ! ಈಗ ಬಂದೇನ?”

ಅಕ್ಕ ಏನು ಮಾಡಿದಳು ಗೊತ್ತೇ? ಹಿಂದೆ ಸರಿದಳು. “ಕೈ! ಕೈ ದೂರ ಹಿಡಿ! ಸೀರಿ ಕೆಡತೈತಿ!”

ಚಂದ್ರವ್ವನ ಕೈಗಳು ಗಾಳಿಯಲ್ಲೇ ನಿಂತವು. “ತಪ್ಪಾತಕ್ಕ,” ಎಂದಳು. ತನ್ನ ಸೀರೆಗೇ ಕೈ ಒರೆಸಿಕೊಂಡು ಒಳಗೆ ಹೋದಳು.

ಸಾಹುಕಾರ ಹೆಂಡತಿಗೆ ಕುರ್ಚಿ ಹಾಕಿಸಿದ. ಬಂದವರೆಲ್ಲ ಸೆರಗು ಮುಟ್ಟಿದರು, ಜರಿ ತಿರುವಿ ನೋಡಿದರು. ನೋಡಿ, ಒಬ್ಬರಾದರೂ ‘ಹೆಂಗದೀಯವಾ’ ಎಂದು ಕೇಳಲಿಲ್ಲ! ಒಳಗೆ ಹೆಂಗಸರು ಹಾಡುತ್ತಿದ್ದರು. ಆ ಹಾಡುಗಳನ್ನು ತಂಗಿಗೆ ಕಲಿಸಿದವಳು ಹೊರಗೆ ಸೆರಗು ಕಾಯುತ್ತ ಕುಳಿತಿದ್ದಳು.

ಎಷ್ಟು ಹೊತ್ತು ಕೂತಾಳು? ಎದ್ದಳು. ನೆಟ್ಟಗೆ ಒಳಗೆ ಹೋಗಿ ತಂಗಿಯ ಪಕ್ಕದಲ್ಲಿ ನೆಲದ ಮೇಲೇ ಕುಳಿತಳು.

“ಚಂದ್ರಾ, ತಾ ಇಲ್ಲಿ ಕೈ.”

“ಬ್ಯಾಡಕ್ಕ, ಕೆಡತೈತಿ.”

“ಕೆಡ್ಲಿ! ಸೀರಿ ಕೆಟ್ರ ಕೆಡ್ಲಿ. ನೀ ನನ್ನ ಮ್ಯಾಲ ಮುನಿಸ್ಕೊಂಡ್ರ ನಾ ಎಲ್ಲಿಗೆ ಹೋಗ್ಲೆ?” ಆ ಅರಿಶಿಣದ ಒದ್ದೆ ಕೈಗಳನ್ನು ಎಳೆದು ತಂಗಿಯನ್ನು ಅಪ್ಪಿಕೊಂಡಳು. ಇಬ್ಬರೂ ಅತ್ತರು.

ಸಾಹುಕಾರ ಬಾಗಿಲಲ್ಲಿ ನಿಂತು ಗುಡುಗಿದ: “ನಿನಗ ಬುದ್ಧಿ ಐತಿಲ್ಲೊ? ಅದರ ಕಿಮ್ಮತ್ತು ಗೊತ್ತೈತೇನು? ಎದ್ದು ಬ್ಯಾರೆ ಉಟ್ಕೊ!”

“ಉಟ್ಕೊಳ್ಳಂಗಿಲ್ರಿ. ಇದನ್ನ ಉಟ್ಕೊಂಡು ನೆಲದಾಗ ಉಣ್ತೀನಿ, ಇದನ್ನ ಉಟ್ಕೊಂಡು ಹುಡುಗೀನ್ನ ಗಂಡನ ಮನಿಗೆ ಕಳಸ್ತೀನಿ. ನನಗಂತ ತಂದಿದ್ರ ಇದು ನಂದು. ನಿಮ್ಮ ಸಾಹುಕಾರಕಿ ತೋರಸಾಕ ತಂದಿದ್ರ, ಬಿಚ್ಚಿ ಕೊಡ್ತೀನಿ, ನಿಮ್ಮ ಮಿಲ್ಲಿನ ಗೇಟಿಗೆ ಕಟ್ಟರಿ!”

ಸಾಹುಕಾರ ಹೊರಗೆ ನಡೆದ. ಕಲೆ ಹೋಗಲಿಲ್ಲ. ಅವಳೂ ಬಿಡಲಿಲ್ಲ, ಮುಂದಿನ ಮದುವೆಗಳಿಗೂ ಅದನ್ನೇ ಉಟ್ಟಳು. ಯಾರಾದರೂ ಬೆಲೆ ಕೇಳಿದರೆ, “ನಮ್ಮ ಮನಿಯವ್ರನ್ನ ಕೇಳ್ರಿ, ನಾ ಉಡಾಕಿ ಅಷ್ಟ,” ಎನ್ನುತ್ತಿದ್ದಳು.

ಹಾಗಾದರೆ ದುಬಾರಿ ಬಟ್ಟೆ ಕೊಳ್ಳಲೇಬಾರದೇ? ಮುಂದಿನ ಸಾಲಿನಲ್ಲಿ ಆಗಲೇ ಒಬ್ಬರು ಶಾಲು ಮಡಚಿ ಬಗಲಲ್ಲಿ ಇಟ್ಟುಕೊಂಡರು! ಹೊದ್ದುಕೊಳ್ಳಿ ಯಜಮಾನರೇ, ಹೊದ್ದುಕೊಳ್ಳಿ. ನೇಕಾರ ಬೆನ್ನು ಬಾಗಿಸಿ ನೇಯ್ದದ್ದಕ್ಕೆ ಬೆಲೆ ಇರಲೇಬೇಕು. ಆದರೆ ಅವನು ನೇಯ್ದದ್ದು ನಿಮ್ಮ ಮೈಗೆ, ನಿಮ್ಮ ಬೀರುವಿಗಲ್ಲ. ಮೊಮ್ಮಗ ತೊಡೆ ಹತ್ತಲು ಬಂದರೆ ‘ಸರಿ ಆ ಕಡೆ’ ಅನ್ನಿಸುವ ಬಟ್ಟೆ ಪುಕ್ಕಟೆ ಸಿಕ್ಕರೂ ತುಟ್ಟಿಯೇ. ಅದನ್ನು ತರಬೇಡಿ. ತಂದದ್ದನ್ನು ನಾಳೆಯೇ ಹೊರಗೆ ತೆಗೆದು ಉಡಿ, ಉಟ್ಟು ಕೆಲಸ ಮಾಡಿ, ಹರಿಯುವವರೆಗೆ ಉಡಿ.

ಇನ್ನೊಂದು ಮಾತು, ಸಿಟ್ಟು ಬಂದರೆ ಬರಲಿ. ಇವತ್ತು ಪ್ರಸಾದದ ಊಟಕ್ಕೆ ಕುರ್ಚಿ ಬೇಕೆಂದು ಕೆಲವರು ಹೇಳಿ ಕಳಿಸಿದ್ದೀರಿ. ಮೊಣಕಾಲು ನೋಯುವವರಿಗೆ ಕುರ್ಚಿ ಉಂಟು. ಬಟ್ಟೆ ನೋಯುವವರಿಗೆ ಇಲ್ಲ! ಎಲೆ ಹಾಕಿದ್ದಾರೆ, ಏಳಿ. ಯಾರು ಮೊದಲು ನೆಲಕ್ಕೆ ಕೂಡುತ್ತೀರೋ, ನಾನು ಬಂದು ಅವರ ಪಕ್ಕದಲ್ಲಿ ಕೂಡುತ್ತೇನೆ.